ಹುಲ್ಲೇ ಬಾಗಿಲು

ನೀವು ಏನು ಕೆಲಸ ಮಾಡುತ್ತೀರಿ ಎಂದು ಮಲಾಡಿನ ನಮ್ಮ ಸೊಸೈಟಿಯ ಹೆಂಗಸರು ಕೇಳಿದಾಗಲೆಲ್ಲ ನಾನು "ಹುಲ್ಲು ಬೇಯಿಸುತ್ತೇನೆ" ಎನ್ನುತ್ತಿದ್ದೆ. ಮೊದಮೊದಲು ಅವರು ನಕ್ಕರು. ಆಮೇಲೆ ನಗುವುದನ್ನು ಬಿಟ್ಟು ನನ್ನ ಗಂಡನ ಮುಖ ನೋಡತೊಡಗಿದರು, ಪಾಪ, ಈ ಪುಣ್ಯಾತ್ಮನಿಗೆ ಮನೆಯಲ್ಲಿ ಏನು ಬಡಿಸುತ್ತಾಳೋ ಎನ್ನುವ ಹಾಗೆ. ಸಂಜೆ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ನಾನು ಕೂತರೆ ಪಕ್ಕದವಳು ಮೂಗು ಅರಳಿಸಿ ಯಾರ ಚೀಲದಲ್ಲಿ ಬೆಲ್ಲ ಇದೆ ಎಂದು ಹುಡುಕುತ್ತಿದ್ದಳು. ಸೀದ ಬೆಲ್ಲದ ವಾಸನೆ, ಅದರ ಬೆನ್ನಿಗೇ ಒಂದು ಹುಳಿ ಘಾಟು. ಅದು ಯಾರ ಚೀಲದ್ದೂ ಅಲ್ಲ, ನನ್ನ ಕೂದಲಿನದು. ಮನೆ ಸೇರಿದರೆ ಮಗಳು ಬಾಗಿಲಲ್ಲೇ ಕೈ ಅಡ್ಡ ಹಿಡಿದು, "ಅಮ್ಮ, ನಿನ್ನ ಬಾಲೋಂ ಮೇ ಘಾಸ್ ಇದೆ, ಫಸ್ಟ್ ಸ್ನಾನ" ಎನ್ನುತ್ತಿದ್ದಳು. ಅವಳ ಕನ್ನಡ ಅಷ್ಟಕ್ಕಷ್ಟೆ. ಆದರೆ ಹೇಳಿದ್ದರಲ್ಲಿ ತಪ್ಪಿರುತ್ತಿರಲಿಲ್ಲ, ಕೂದಲಲ್ಲಿ ಹುಲ್ಲು ಇದ್ದೇ ಇರುತ್ತಿತ್ತು.

ನಿಜಕ್ಕೂ ನಾವು ಹುಲ್ಲು ಬೇಯಿಸುತ್ತಿದ್ದೆವು. ಭತ್ತದ ಒಣ ಹುಲ್ಲು. ಅದರ ಮೈಯೆಲ್ಲ ಸಕ್ಕರೆಯಿಂದಲೇ ಕಟ್ಟಿದ್ದು ಎಂದು ಮೊದಲ ಸಲ ಓದಿದ ದಿನ ನನಗೆ ನಂಬಿಕೆ ಬಂದಿರಲಿಲ್ಲ. ಬಾಯಿಗೆ ಹಾಕಿದರೆ ಸಪ್ಪೆ, ಒರಟು, ನಾಲಿಗೆ ಕೊಯ್ಯುವಂಥದ್ದು. ಆದರೆ ಸಕ್ಕರೆಯ ಉದ್ದುದ್ದ ಸರಪಳಿಗಳು ಒಳಗೆ ಒತ್ತೊತ್ತಾಗಿ ಕೂತಿರುತ್ತವೆ, ಅವುಗಳ ಸುತ್ತ ಅಂಟು ಮೆತ್ತಿರುತ್ತದೆ. ಆ ಅಂಟನ್ನು ಸಡಿಲ ಮಾಡಿದರೆ ಮುಂದಿನದು ಸಲೀಸು: ಸಕ್ಕರೆ ಬಿಡಿಸಬಹುದು, ಹುಳಿ ಬರಿಸಿ ಆಲ್ಕೋಹಾಲ್ ಮಾಡಬಹುದು, ಪೆಟ್ರೋಲಿಗೆ ಬೆರೆಸಬಹುದು. ಆ ಸಡಿಲ ಮಾಡುವುದೇ ನಮ್ಮ ಕೆಲಸ. ಸ್ವಲ್ಪ ಆಸಿಡ್, ಒತ್ತಡದ ಹಬೆ, ಕೊನೆಗೆ ತಟ್ಟನೆ ಒತ್ತಡ ಬಿಟ್ಟರೆ ಹುಲ್ಲಿನ ಎಳೆಗಳು ಒಳಗಿನಿಂದಲೇ ಸಿಡಿದು ಬಿಚ್ಚಿಕೊಳ್ಳುತ್ತವೆ. ಕಾಗದದ ಮೇಲೆ ಅದಕ್ಕೆ ಪ್ರಿಟ್ರೀಟ್‌ಮೆಂಟ್ ಎಂದು ಹೆಸರು. ಆ ಲ್ಯಾಬಿನಲ್ಲಿದ್ದ ನಾವು ಮೂವರು ಕನ್ನಡದವರು ಅದನ್ನು 'ಹದ' ಎನ್ನುತ್ತಿದ್ದೆವು.

ಮೂವರಲ್ಲಿ ಮೊದಲನೆಯವರು ನಮ್ಮ ಸರ್. ಮೈಸೂರಿನವರು. ಹರೆಯದಲ್ಲಿ ಮುಂಬೈಗೆ ಬಂದು, ದಾದರಿನ ಒಂದೇ ಕ್ವಾರ್ಟರ್ಸಿನಲ್ಲಿ ಬಾಳಿ, ಒಂದೇ ಹುಲ್ಲನ್ನು ಹಿಡಿದು ಕೂತವರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಸಣ್ಣ ಭೂತಗನ್ನಡಿ. ಎರಡನೆಯವರು ಯಂತ್ರದ ಫಿಟ್ಟರ್. ಕಲಬುರಗಿಯ ಕಡೆಯವರು, ಎಲ್ಲರಿಗೂ ಚಾಚಾ. ದಖನಿ ಉರ್ದುವಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವ ಮನುಷ್ಯ. ತಾನು ಮುಟ್ಟಿದ ಯಂತ್ರ ಕೆಟ್ಟರೆ ಅದು ಯಂತ್ರದ ಕೊಬ್ಬೇ ಹೊರತು ಬೇರೆ ಕಾರಣ ಇರಲು ಸಾಧ್ಯವಿಲ್ಲ ಎಂದು ಗಟ್ಟಿಯಾಗಿ ನಂಬಿದವರು. ಮೂರನೆಯವಳು ನಾನು, ಸರ್ ಅವರ ಕೈಕೆಳಗೆ ಕೆಮಿಕಲ್ ಎಂಜಿನಿಯರ್. ಬಾಯಿ ಸ್ವಲ್ಪ ಜೋರು ಎಂದು ಹೆಸರು ಮಾಡಿದವಳು.

ಸರ್ ಅವರಿಗೆ ಒಂದು ವ್ರತವಿತ್ತು. ಹುಲ್ಲನ್ನು ಒಣಗಿಸದೆ ಮುಟ್ಟುವಂತಿಲ್ಲ. ಲ್ಯಾಬಿನಲ್ಲಿ ಹುಲ್ಲು ಬಂದರೆ ಮೊದಲು ಅದು ಒಲೆಪೆಟ್ಟಿಗೆಗೆ ಹೋಗಬೇಕು, ತೂಕ ಇಳಿಯುವುದು ನಿಲ್ಲುವವರೆಗೂ ಅಲ್ಲೇ ಇರಬೇಕು. "ತೇವ ಅಂದ್ರೆ ಸುಳ್ಳಮ್ಮ" ಎನ್ನುತ್ತಿದ್ದರು. "ನೀನು ಹುಲ್ಲು ತೂಗ್ತಿದೀನಿ ಅಂದ್ಕೊಂಡಿರ್ತೀಯ. ಅರ್ಧ ನೀರು ತೂಗ್ತಿರ್ತೀಯ. ಆಮೇಲೆ ಬರೋ ಲೆಕ್ಕವೆಲ್ಲ ಸುಳ್ಳು." ಅದು ಅಪ್ಪಟ ಸತ್ಯ. ನಮ್ಮಂಥವರ ಎಲ್ಲ ಲೆಕ್ಕವೂ ಒಣ ತೂಕದ ಮೇಲೇ ನಿಂತಿರುತ್ತದೆ. ಹೊಸದಾಗಿ ಸೇರಿದವರು ಏನನ್ನು ಕಲಿಯದಿದ್ದರೂ ಇದನ್ನು ಕಲಿಯುತ್ತಿದ್ದರು.

ಲ್ಯಾಬಿನಲ್ಲಿ ನಮ್ಮ ಪಾತ್ರೆ ಮನೆಯ ಕುಕ್ಕರಿನಷ್ಟು. ಅದಕ್ಕೆ ನಾನು 'ಚಿಕ್ಕಮ್ಮ' ಎಂದು ಹೆಸರಿಟ್ಟಿದ್ದೆ. ಹಿಡಿ ಹುಲ್ಲು ಕೊಟ್ಟರೆ ತಕರಾರಿಲ್ಲದೆ ಬೇಯಿಸಿ, ಮೆತ್ತಗಿನ ಕಂದು ಮುದ್ದೆಯಾಗಿ ಒಪ್ಪಿಸುತ್ತಿದ್ದಳು. ಅವಳನ್ನು ನಂಬಿಕೊಂಡೇ ಸರ್ ದೊಡ್ಡ ಯಂತ್ರದ ನಕ್ಷೆ ಬರೆದರು. ಅದಕ್ಕೆ ಹಣ ಸಿಕ್ಕಿತು. ಭಾಂಡುಪಿನ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಶೆಡ್ ಸಿಕ್ಕಿತು. ನಾನು ದಿನಾ ಮಲಾಡಿನಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಿ ಅಲ್ಲಿಗೆ ಹೋಗತೊಡಗಿದೆ.

ಯಂತ್ರ ಕಟ್ಟಿ ನಿಲ್ಲಿಸಿದ ದಿನ ನಾನು ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟೆ. ಮೂರು ಅಂತಸ್ತಿನ ಎತ್ತರ. ಮೇಲೆ ಹುಲ್ಲು ಸುರಿಯುವ ಬಾಯಿ, ಅದರ ಕೆಳಗೆ ಆಳು ಗಾತ್ರದ ಸ್ಕ್ರೂ, ಅದರ ಮುಂದೆ ಹಬೆ ತುಂಬಿದ ಉದ್ದನೆಯ ಕೊಳವೆ, ಕೊನೆಗೆ ಒತ್ತಡವನ್ನು ಬಿಡುವ ವಾಲ್ವು, ಅದಕ್ಕೆ ಸೇರಿದ ದೊಡ್ಡ ತೊಟ್ಟಿ. 'ದೊಡ್ಡಮ್ಮ' ಎಂದು ನನ್ನ ಬಾಯಿಂದ ತಾನಾಗಿ ಬಂತು. ಚಿಕ್ಕಮ್ಮನಿಗೆ ಹಾಕುತ್ತಿದ್ದ ಹಿಡಿ ಹುಲ್ಲು ಇವಳಿಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಆದರೆ ಅದರ ಗಾತ್ರಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಒಂದು ಸಣ್ಣ ಯುಕ್ತಿ. ಕೊಳವೆಯೊಳಗೆ ಹಬೆಯ ಒತ್ತಡ. ಹೊರಗಿನಿಂದ ಹುಲ್ಲು ಬಿಡುವು ಕೊಡದೆ ಒಳಗೆ ಹೋಗುತ್ತಲೇ ಇರಬೇಕು. ಬಾಗಿಲು ತೆರೆದರೆ ಹಬೆ ಹೊರಗೆ ನುಗ್ಗುತ್ತದೆ, ಮುಚ್ಚಿದರೆ ಹುಲ್ಲು ಒಳಗೆ ಹೋಗುವುದಿಲ್ಲ. ಹಾಗಾದರೆ ಎಂಥ ಬಾಗಿಲು ಇಡುವುದು? ಬಾಗಿಲೇ ಇಲ್ಲ. ಸ್ಕ್ರೂ ತುದಿಗೆ ಹೋಗುತ್ತಾ ಕಿರಿದಾಗುತ್ತದೆ, ಹುಲ್ಲನ್ನು ಒತ್ತುತ್ತದೆ, ಒತ್ತಿ ಒತ್ತಿ ಬಿರಡೆ ಮಾಡುತ್ತದೆ. ಆ ಬಿರಡೆಯೇ ಹಬೆಯನ್ನು ತಡೆಯುತ್ತದೆ. ಮುಂದಿನ ತುದಿ ಉದುರಿ ಒಳಗೆ ಬೀಳುತ್ತಿರುತ್ತದೆ, ಹಿಂದಿನಿಂದ ಹೊಸ ಹುಲ್ಲು ಸೇರಿಕೊಳ್ಳುತ್ತಿರುತ್ತದೆ. ಒಳಗೆ ಹೋಗುವ ಹುಲ್ಲೇ ಬಾಗಿಲು. ಸರ್ ಇದನ್ನು ವಿವರಿಸಿದಾಗ ನಾನು ಎಂಜಿನಿಯರ್ ಎನ್ನುವುದನ್ನೇ ಮರೆತು "ಅಯ್ಯೋ ದೇವರೇ, ಇದನ್ನ ಯಾರು ಯೋಚಿಸಿದರು ಸರ್!" ಎಂದುಬಿಟ್ಟೆ. "ಯಾರೋ ನಮ್ಮಂಥ ಹುಚ್ಚರು" ಎಂದರು ಅವರು, ಖುಷಿಯಿಂದ.

ಆ ಬಿರಡೆ ನಿಲ್ಲಲಿಲ್ಲ.

ಮೊದಲ ಸಲ ಶುರು ಮಾಡಿದಾಗ ಸ್ಕ್ರೂ ತಿರುಗಿತು, ಹುಲ್ಲು ಇಳಿಯಿತು, ಗೇಜಿನ ಮುಳ್ಳು ಮೇಲೇರತೊಡಗಿತು. ಚಾಚಾ ಮೀಸೆ ತಿರುವಿದರು. ಅಷ್ಟರಲ್ಲಿ ಒಳಗಿನಿಂದ ದೊಡ್ಡ ಆಕಳಿಕೆಯಂಥ ಸದ್ದು ಬಂದು, ದೊಡ್ಡಮ್ಮ ನುಂಗಿದ್ದನ್ನೆಲ್ಲ ಮೇಲಿನ ಬಾಯಿಂದ ಉಗುಳಿದಳು. ಹಬೆಯೊಂದಿಗೆ ಹುಲ್ಲು ತಗಡಿನ ಚಾವಣಿಗೆ ಬಡಿದು, ಶೆಡ್ಡಿನ ತುಂಬ ಹಾರಾಡಿ, ನಮ್ಮ ತಲೆಯ ಮೇಲೆ ಅಕ್ಷತೆಯ ಹಾಗೆ ಉದುರಿತು. ಅಷ್ಟು ಹೊತ್ತಿಗೆ ಎಲ್ಲರೂ ದೂರ ನಿಂತಿದ್ದರಿಂದ ಯಾರಿಗೂ ಸುಡಲಿಲ್ಲ. ಚಾಚಾ ದಖನಿಯಲ್ಲಿ ಬಹಳ ಹೊತ್ತು ಮಾತಾಡಿದರು.

ಆಮೇಲೆ ಅದೇ ನಮ್ಮ ದಿನಚರಿಯಾಯಿತು. ಬೆಳಿಗ್ಗೆ ಶುರು, ಸ್ವಲ್ಪ ಹೊತ್ತು ಆಸೆ, ಆಮೇಲೆ ಉಗುಳು, ಆಮೇಲೆ ಪೊರಕೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವು ಮೂವರೂ ಒಬ್ಬೊಬ್ಬರು ಒಂದೊಂದು ನೆಲ ಹುಡುಕಿಕೊಂಡೆವು. ಚಾಚಾಗೆ ಸ್ಕ್ರೂ ಸವೆದಿದೆ ಎಂದು ಖಾತ್ರಿ. "ಹುಲ್ಲಿನಾಗ ಮಣ್ಣು ಅದರೀ ಮೇಡಂ, ಉಸುಕು ಅದ. ಲೋಹಾ ತಿಂದು ಬಿಡ್ತದ" ಎಂದು ಸ್ಕ್ರೂವನ್ನು ಬಿಚ್ಚಿ ವೆಲ್ಡಿಂಗ್ ಮಾಡಿ ಮತ್ತೆ ಹಾಕಿದರು. ನಾನು ಹುಲ್ಲಿನ ತುಂಡು ಉದ್ದವಾಯಿತು ಎಂದು ಹಟ ಹಿಡಿದು ಸಣ್ಣಗೆ ಕತ್ತರಿಸಿದೆ, ಆಮೇಲೆ ಇನ್ನೂ ಸಣ್ಣಗೆ, ಕೊನೆಗೆ ದನವೂ ಮೂಸದಂಥ ಪುಡಿ. ಸರ್ ಆಸಿಡ್ ಬದಲಿಸಿದರು. ಚಿಕ್ಕಮ್ಮನ ಹತ್ತಿರ ಮತ್ತೆ ಮತ್ತೆ ಹೋಗಿ ಕೇಳಿದರು. ಅವಳು ಎಂದಿನಂತೆ ಮುದ್ದೆ ಕೊಟ್ಟಳು. ಅವಳಿಗೆ ಬಿರಡೆಯ ಕಷ್ಟ ಹೇಗೆ ಗೊತ್ತಾಗಬೇಕು? ಅವಳದು ಮುಚ್ಚಳದ ಸಂಸಾರ.

ಒಂದು ದಿನ ಸರ್ ಗ್ರಾಂಟ್ ರೋಡಿನ ಉಡುಪಿ ಹೋಟೆಲಿಗೆ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿ ಅಡುಗೆಮನೆ ಕಾಣುವ ಮೇಜೇ ಆಗಬೇಕು ಅವರಿಗೆ. ಸ್ನಾನ ಮಾಡಬಹುದಾದಷ್ಟು ದೊಡ್ಡ ಪಾತ್ರೆಯಲ್ಲಿ ಸಾಂಬಾರು ಕುದಿಯುತ್ತಿತ್ತು. "ನೋಡಮ್ಮ, ನಾಲ್ಕು ಜನದ ಸಾರನ್ನ ನೂರರಿಂದ ಗುಣಿಸಿದ್ರೆ ಮದುವೆ ಸಾರು ಆಗಲ್ಲ. ಅಲ್ಲಿ ಏನೋ ಬದಲಾಗುತ್ತೆ. ನಾನು ಏನನ್ನೋ ಗುಣಿಸಿಬಿಟ್ಟಿದೀನಿ, ಗುಣಿಸಬಾರದ್ದನ್ನ. ಯಾವುದು ಅಂತ ಗೊತ್ತಾಗ್ತಿಲ್ಲ" ಎಂದರು. ಇಡ್ಲಿ ಆರಿ ಹೋಯಿತು. 

ಕಾಲವೂ ಮೀರುತ್ತಿತ್ತು. ಆ ಮಳೆಗಾಲದ ಕೊನೆಗೆ ಸರ್ ನಿವೃತ್ತರಾಗುವವರಿದ್ದರು. ಹಣ ಕೊಟ್ಟವರ ಕಡೆಯಿಂದ ಒಂದು ಮಾತು ಬಂದಿತ್ತು: ಅವರ ಸಾಹೇಬರೊಬ್ಬರು ಬಂದು ಕೂರುತ್ತಾರೆ; ಅವರ ಎದುರು ಯಂತ್ರ ಒಮ್ಮೆಯೂ ನಿಲ್ಲದೆ, ಉಗುಳದೆ, ಪಾಳಿ ಮುಗಿಯುವವರೆಗೆ ಓಡಬೇಕು. ಓಡಿದರೆ ಶೆಡ್ ಉಳಿಯುತ್ತದೆ, ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಶೆಡ್ ಬೇರೆಯವರಿಗೆ, ದೊಡ್ಡಮ್ಮ ಗ್ಯಾಸ್ ಕಟರಿಗೆ. ತುಂಡು ತುಂಡಾಗಿ ಗುಜರಿಗೆ ಹೋಗುತ್ತಾಳೆ. ಸರ್ ಅವರ ಅಷ್ಟೂ ವರ್ಷಗಳನ್ನು ಕಬ್ಬಿಣದ ಲೆಕ್ಕದಲ್ಲಿ ತೂಗಿ ಕೊಂಡೊಯ್ಯುತ್ತಾರೆ ಎಂದು ನೆನೆದರೆ ನನಗೆ ಸಿಟ್ಟೇ ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ.

ಮಳೆ ಹಿಡಿದ ಮೇಲೆ ನಮ್ಮ ಒಣಗಿಸುವ ವ್ರತ ಇನ್ನೂ ಕಠಿಣವಾಯಿತು. ಮುಂಬೈ ಮಳೆಯಲ್ಲಿ ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಬೀರುವಿನ ರೇಷ್ಮೆ ಸೀರೆಗೆ ಬೂಷ್ಟು ಬರುತ್ತದೆ. ಅಂಥದರಲ್ಲಿ ನಾವು ಒಂದು ಶೆಡ್ ಹುಲ್ಲನ್ನು ಗರಿಗರಿಯಾಗಿ ಇಟ್ಟಿದ್ದೆವು. ಹಲಗೆಯ ಮೇಲೆ ಪಿಂಡಿ, ಪಿಂಡಿಯ ಮೇಲೆ ತಾಡಪತ್ರಿ, ಸುತ್ತ ಬಿಸಿಗಾಳಿ ಊದುವ ಫ್ಯಾನುಗಳು. ಲಾರಿಯಲ್ಲಿ ಬಂದ ಹುಲ್ಲು ಸ್ವಲ್ಪ ತಣ್ಣಗೆ ಕಂಡರೂ ಸರ್ ವಾಪಸು ಕಳಿಸುತ್ತಿದ್ದರು. ಮನೆಯಲ್ಲಿ ನನ್ನ ಸೀರೆಗಳು ವಾರವಾದರೂ ಒಣಗದೆ ಹಗ್ಗದ ಮೇಲೆ ನಾರುತ್ತಿದ್ದವು. ನಾನು ಮಗಳ ಸ್ಕೂಲ್ ಸಾಕ್ಸುಗಳನ್ನು ಚೀಲದಲ್ಲಿ ತಂದು ಹುಲ್ಲಿನ ಪಕ್ಕ ಹರವಿ ಒಣಗಿಸಿಕೊಂಡು ಹೋಗುತ್ತಿದ್ದೆ. ಚಾಚಾ ನೋಡಿ, "ಹುಲ್ಲಿಗಿ ಏಸಿ, ಮನುಷ್ಯಾರಿಗಿ ಛತ್ರಿ" ಎಂದು ನಗುತ್ತಿದ್ದರು.

ಬೇರೆ ದೇಶಗಳಲ್ಲಿ ನೆನೆಸಿ ಹಾಕುತ್ತಾರೆ ಎಂದು ನಾವು ಓದಿರಲಿಲ್ಲವೆಂದಲ್ಲ. ಓದಿದ್ದೆವು. ಅದು ಮರದ ಚೂರಿನ ಮಾತು, ನಮ್ಮ ಹುಲ್ಲಿನದಲ್ಲ ಎಂದು ಪಕ್ಕಕ್ಕಿಟ್ಟಿದ್ದೆವು. ತೇವ ಎಂದರೆ ಸುಳ್ಳು ಎಂದು ಕಲಿತ ಮೇಲೆ, ಸುಳ್ಳನ್ನು ಯಾರಾದರೂ ಬೇಕೆಂದೇ ಯಂತ್ರಕ್ಕೆ ಹಾಕುತ್ತಾರೆಯೇ?

ಸಾಹೇಬರು ಬರುವ ಹಿಂದಿನ ಸಂಜೆ ಆಕಾಶ ಕಳಚಿ ಬಿತ್ತು. ಲೋಕಲ್ ನಿಲ್ಲುವ ಲಕ್ಷಣ ಕಂಡಿದ್ದರಿಂದ ನಾನು ಮಲಾಡಿಗೆ ಹೋಗದೆ ಭಾಂಡುಪಿನಲ್ಲೇ ಇದ್ದ ನಾದಿನಿಯ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿ ಶೆಡ್ಡಿಗೆ ಹೋದರೆ, ಚಾವಣಿಯ ತಗಡು ಒಂದು ಮೂಲೆಯಲ್ಲಿ ಕಿತ್ತು ಹೋಗಿತ್ತು. ಹುಲ್ಲಿನ ಮೂಲೆ. ತಾಡಪತ್ರಿ ಹಾರಿ ಬಾಯ್ಲರಿಗೆ ಸುತ್ತಿಕೊಂಡಿತ್ತು. ಒಂದೊಂದು ಪಿಂಡಿಯೂ ನೀರು ಕುಡಿದು ಕಪ್ಪಾಗಿ, ಭಾರವಾಗಿ, ಕುಸಿದು ಕೂತಿತ್ತು. ಕೈ ಹಾಕಿದರೆ ಒಳಗಿನವರೆಗೂ ನೀರು.

ಸರ್ ಆಗಲೇ ಬಂದಿದ್ದರು. ಗಾಡಿ ವಿಕ್ರೋಳಿಯಲ್ಲಿ ನಿಂತಿತ್ತಂತೆ. ಅಲ್ಲಿಂದ ಹಳಿಯ ಮೇಲೆ ಜನರೊಂದಿಗೆ ನಡೆದು ಬಂದಿದ್ದರು, ಆ ವಯಸ್ಸಿನಲ್ಲಿ. ಯಂತ್ರದ ಕಬ್ಬಿಣದ ಮೆಟ್ಟಿಲ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ ಮೈಗೆ ಅಂಟಿತ್ತು. ನನ್ನನ್ನು ನೋಡಿ, "ಫೋನ್ ಮಾಡಿ ಬರಬೇಡಿ ಅಂದ್ಬಿಡ್ತೀನಮ್ಮ" ಎಂದರು. ದನಿಯಲ್ಲಿ ದುಃಖವೂ ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

"ಬೇರೆ ದಿನ ಕೊಡ್ತಾರಾ ಸರ್?"

"ಇಲ್ಲ. ಇದೇ ಕೊನೇದು ಅಂತ ಹೇಳಿದ್ರಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ಹಾಗಾದ್ರೆ ಹಸೀದೇ ಹಾಕೋಣ ಸರ್. ಒಣಗಿದ್ದು ಹಾಕಿ ಏನು ಕಡಿದು ಗುಡ್ಡೆ ಹಾಕಿದೀವಿ? ದಿನಾ ಉಗುಳಿಸಿಕೊಂಡಿದೀವಿ. ಹೋಗೋದಾದ್ರೆ ಓಡಿಸಿಯೇ ಹೋಗಲಿ."

"ಎಷ್ಟು ತೇವ ಇದೆ ಅಂತ ಗೊತ್ತಿಲ್ಲ. ಒಂದೊಂದು ಪಿಂಡೀಲಿ ಒಂದೊಂದು ಥರ. ಲೆಕ್ಕ ಸಿಗಲ್ಲಮ್ಮ."

"ಲೆಕ್ಕ ಆಮೇಲೆ ಸರ್. ಮೊದಲು ಮಗು ಹುಟ್ಟಲಿ, ಜಾತಕ ಆಮೇಲೆ ಬರೆಸೋಣ."

ಚಾಚಾ ಹೌಹಾರಿದರು. "ನಕ್ಕೋ ಮೇಡಂ, ನಕ್ಕೋ! ಹಸಿ ಹುಲ್ಲು ಹಾಕಿದ್ರ ಸ್ಕ್ರೂ ಕಚ್ಚಿ ಹಿಡೀತದ. ಮೋಟಾರ್ ಸುಟ್ಟು ಹೋಗ್ತದ. ನನ್ನ ಮಾತು ಬರದಿಟ್ಕೋರಿ" ಎಂದು ಮೋಟಾರಿನ ಮುಂದೆ ಕೈ ಚಾಚಿ ನಿಂತರು.

ಸರ್ ತಲೆ ಎತ್ತಿ ದೊಡ್ಡಮ್ಮನನ್ನು ನೋಡಿದರು. ಆಮೇಲೆ "ಸುಡೋದಾದ್ರೆ ಸುಡಲಿ ಚಾಚಾ. ನಾಳೆ ಹೇಗೂ ಕತ್ತರಿಸ್ತಾರೆ" ಎಂದು ಎದ್ದರು. ಮೂವರೂ ಸೇರಿ ಪಿಂಡಿಗಳನ್ನು ಬಿಚ್ಚಿ ಜಾಲರಿಯ ಮೇಲೆ ಹರವಿದೆವು. ಹರಿಯುವ ನೀರು ಹರಿದು ಹೋಯಿತು. ಉಳಿದದ್ದು ಹಿಂಡಿದ ಬಟ್ಟೆಯಷ್ಟು ಒದ್ದೆ. ಅದನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಮೇಲಿನ ಬಾಯಿಗೆ ಏರಿಸಿದೆವು. ಅಷ್ಟರಲ್ಲಿ ಸಾಹೇಬರ ಜೀಪು ನೀರು ಸೀಳಿಕೊಂಡು ಬಂತು. ಹತ್ತಿರದ ಗೆಸ್ಟ್ ಹೌಸಿನಲ್ಲಿ ಉಳಿದಿದ್ದರಂತೆ. ಉತ್ತರದ ಕಡೆಯವರು, ಪ್ಯಾಂಟು ಮಡಿಚಿ, ಬೂಟು ಕೈಯಲ್ಲಿ ಹಿಡಿದು ಇಳಿದರು. ಕುರ್ಚಿ ಹಾಕಿಸಿಕೊಂಡು ಕೂತು, ಶುರು ಮಾಡಿ ಎಂದು ಹಿಂದಿಯಲ್ಲಿ ಹೇಳಿದರು.

ಸ್ಕ್ರೂ ತಿರುಗಿತು. ಮೋಟಾರಿನ ಸದ್ದು ಎಂದಿನಂತಿರಲಿಲ್ಲ, ಕೆಳಗಿಳಿದು ಗಡಸಾಯಿತು. ಚಾಚಾ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ನಿಂತರು. ಸ್ಕ್ರೂವಿನ ಕೆಳಗಿನ ತೂತುಗಳಿಂದ ಕಪ್ಪು ಚಹದಂಥ ನೀರು ಸುರಿಯತೊಡಗಿತು. ಆ ತೂತುಗಳನ್ನು ಸರ್ ನಕ್ಷೆಯಲ್ಲಿ ಪುಸ್ತಕ ನೋಡಿ ಬರೆದಿದ್ದರು. ಅಂದಿನವರೆಗೆ ಅವುಗಳಿಂದ ಒಂದು ಹನಿಯೂ ಬಂದಿರಲಿಲ್ಲ, ಏಕಿವೆ ಎಂದು ನಾವು ಕೇಳಿಕೊಂಡೂ ಇರಲಿಲ್ಲ. ನಾನು ಹಬೆಯ ವಾಲ್ವು ತೆರೆದೆ. ಮುಳ್ಳು ಏರಿತು. ದಿನವೂ ಉಗುಳುತ್ತಿದ್ದ ಜಾಗಕ್ಕೆ ಬಂತು. ಅಭ್ಯಾಸಬಲದಿಂದ ನಾನು ತಲೆ ತಗ್ಗಿಸಿದೆ.

ಏನೂ ಆಗಲಿಲ್ಲ. ಮುಳ್ಳು ಆ ಜಾಗವನ್ನು ದಾಟಿತು. ಇನ್ನೂ ಏರಿತು. ಬೇಕಾದಲ್ಲಿ ಹೋಗಿ ನಿಂತಿತು. ಮೇಲಿನ ಬಾಯಿಂದ ಒಂದು ಎಳೆ ಹಬೆಯೂ ಬರಲಿಲ್ಲ. ಒಳಗೆ ಅಷ್ಟು ದೊಡ್ಡ ಒತ್ತಡ, ಹೊರಗೆ ನಾವು, ನಡುವೆ ಒಂದು ಮೊಳ ಒದ್ದೆ ಹುಲ್ಲು. ಅಷ್ಟೇ. ಅದು ತಡೆದು ನಿಂತಿತ್ತು, ನಿಂತಲ್ಲೇ ಮುಂದೆ ಸರಿಯುತ್ತಲೂ ಇತ್ತು. ನನ್ನ ಮೈಮೇಲಿನ ರೋಮಗಳು ಎದ್ದು ನಿಂತವು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೂ ನನಗೆ ಹಾಗಾದದ್ದಿಲ್ಲ.

ಆಮೇಲೆ ಕೊನೆಯ ವಾಲ್ವು ತೆರೆಯಿತು. ಢಬ್! ನೆಲ ಅದುರಿತು. ಸಾಹೇಬರು ಕುರ್ಚಿಯಿಂದ ಎದ್ದೇ ಬಿಟ್ಟರು. ತೊಟ್ಟಿಯಿಂದ ಬಿಳಿ ಹಬೆ ಮೇಲೆದ್ದು, ಶೆಡ್ಡಿನ ತುಂಬ ಬೆಲ್ಲದ ಗಾಣದ ಘಮ. ತೊಟ್ಟಿಯ ಕೆಳಗಿನ ಬಾಯಿಂದ ಮುದ್ದೆ ಜಾರಿ ಬಿತ್ತು: ಕಂದು ಬಣ್ಣ, ಮೆತ್ತಗೆ, ಹೊಗೆಯಾಡುತ್ತ. ಅದರಲ್ಲಿ ಹುಲ್ಲಿನ ಕಡ್ಡಿ ಎಂಬುದೇ ಇರಲಿಲ್ಲ. ಸ್ವಲ್ಪ ಬಿಟ್ಟು ಮತ್ತೆ ಢಬ್. ಮತ್ತೆ ಮುದ್ದೆ. ಮತ್ತೆ.

ಚಾಚಾ ಸ್ವಿಚ್ಚಿನಿಂದ ಕೈ ತೆಗೆದು ಮೋಟಾರಿನ ಮೈ ಸವರಿ ನೋಡಿದರು. "ಬಿಸಿ ಅದ, ಆದ್ರ ಸುಡಂಗಿಲ್ಲ" ಎಂದು ಯಾರೋ ತಮಗೆ ಮೋಸ ಮಾಡಿದ ಹಾಗೆ ಹೇಳಿದರು. ಒಂದಿಷ್ಟು ಹೊತ್ತು ಕಳೆದ ಮೇಲೆ, "ನಾ ಹೇಳಿದ್ದಿಲ್ಲೇನ್ರೀ, ನನ್ನ ವೆಲ್ಡಿಂಗ್ ಕೈ ಬಿಡಂಗಿಲ್ಲಂತ!" ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಸರ್ ಮಾತ್ರ ಯಂತ್ರದ ಹತ್ತಿರ ಇರಲಿಲ್ಲ. ಮೆಟ್ಟಿಲ ಮೇಲೆ ಹೋಗಿ ಕೂತಿದ್ದರು. ಒಂದು ಕೈಯಲ್ಲಿ ಒದ್ದೆ ಹುಲ್ಲು. ಇನ್ನೊಂದು ಕೈಯಲ್ಲಿ, ಆಫೀಸಿನ ಡಬ್ಬದಲ್ಲಿ ಸ್ಯಾಂಪಲ್ ಎಂದು ಉಳಿದಿದ್ದ ಒಣ ಹುಲ್ಲು. ಎರಡೂ ಮುಷ್ಟಿಯನ್ನು ಬಿಗಿಯಾಗಿ ಹಿಡಿದು ಬಿಡುತ್ತಿದ್ದರು. ಒಣಗಿದ್ದು ಮುಷ್ಟಿ ಬಿಟ್ಟೊಡನೆ ಪುಟಿದು ಎದ್ದು ಕೂರುತ್ತಿತ್ತು. ಒದ್ದೆಯಾದದ್ದು ಒತ್ತಿದ ಹಾಗೇ, ಉಂಡೆಯಾಗಿ, ಬೆರಳ ಗುರುತಿನೊಂದಿಗೆ ಅಂಗೈಯಲ್ಲಿ ಉಳಿಯುತ್ತಿತ್ತು. ಮತ್ತೆ ಹಿಡಿಯುವುದು, ಮತ್ತೆ ಬಿಡುವುದು. ನನ್ನನ್ನು ಕಂಡು ಎರಡೂ ಅಂಗೈ ಚಾಚಿ ತೋರಿಸಿದರು.

"ಇಷ್ಟೇ ಕಣಮ್ಮ! ಒಣಗಿದ್ದು ಬಿರಡೆ ಆಗೋದೇ ಇಲ್ಲ. ಎಷ್ಟು ಒತ್ತಿದ್ರೂ ಸಂದಿ ಬಿಡುತ್ತೆ, ಆ ಸಂದೀಲಿ ಹಬೆ ಬರುತ್ತೆ. ಅದಕ್ಕೆ ನೀರು ಬೇಕಿತ್ತು. ನಾವು ಕರೆಂಟ್ ಸುಟ್ಟು ಸುಟ್ಟು ಅದನ್ನೇ ತೆಗೀತಿದ್ವಿ." ಅವರು ನಗುತ್ತಿದ್ದರು. ಕಣ್ಣಲ್ಲಿ ನೀರಿತ್ತು. "ತೂಕಕ್ಕೆ ಸುಳ್ಳು. ಯಂತ್ರಕ್ಕೆ ಸತ್ಯ. ಎರಡೂ ಒಂದೇ ನೀರು."

ಲ್ಯಾಬಿನಲ್ಲಿ ಸರಿಯಾಗಿದ್ದದ್ದು ಶೆಡ್ಡಿನಲ್ಲಿ ತಪ್ಪಾಗಿತ್ತು, ಮತ್ತು ಲ್ಯಾಬಿನಲ್ಲಿ ಅದು ಈಗಲೂ ಸರಿಯೇ. ಅವರು ಗುಣಿಸಬಾರದಿದ್ದರೂ ಗುಣಿಸಿದ್ದು ಹುಲ್ಲನ್ನೂ ಅಲ್ಲ, ಆಸಿಡನ್ನೂ ಅಲ್ಲ, ತಮ್ಮ ಶಿಸ್ತನ್ನು. ಅದನ್ನು ಅರ್ಥ ಮಾಡಿಸಲು ಒಂದು ತಗಡು ಹಾರಬೇಕಾಯಿತು.

ಮಧ್ಯಾಹ್ನವಾಯಿತು. ದೊಡ್ಡಮ್ಮ ನಿಲ್ಲಲಿಲ್ಲ. ಒಮ್ಮೆ ಮೇಲಿನ ಬಾಯಲ್ಲಿ ಹುಲ್ಲು ಸೇತುವೆ ಕಟ್ಟಿಕೊಂಡು ಇಳಿಯದೆ ನಿಂತಾಗ ನನ್ನ ಜೀವ ಬಾಯಿಗೆ ಬಂತು. ಚಾಚಾ ಕೋಲು ಹಿಡಿದು ಮೇಲೇರಿ ತಿವಿದು ಇಳಿಸಿದರು. ಚಹ ಬಂತು. ಚಹ ಕುಡಿಯುತ್ತ ನಾನು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿ ಲೋಟವನ್ನು ಕೆಳಗಿಟ್ಟೆ. ನಾವು ಅಷ್ಟು ವರ್ಷ ಚಿಕ್ಕಮ್ಮನಲ್ಲಿ ಹಿಡಿ ಹಿಡಿಯಾಗಿ ಬೇಯಿಸಿದ ಅಷ್ಟೂ ಹುಲ್ಲನ್ನು ದೊಡ್ಡಮ್ಮ ಬೆಳಗಿನಿಂದ ಚಹ ಬರುವಷ್ಟರಲ್ಲಿ ನುಂಗಿ ಮುಗಿಸಿದ್ದಳು. ಮುದ್ದೆ ತೊಟ್ಟಿಯ ಕೆಳಗೆ ಗುಡ್ಡದಂತೆ ಬೆಳೆದು, ನನ್ನ ಸೊಂಟದೆತ್ತರ ದಾಟಿ, ಹೊಗೆಯಾಡುತ್ತಿತ್ತು. ಆ ಗುಡ್ಡದೊಳಗಿನ ಸಕ್ಕರೆ ಈಗ ಸಡಿಲವಾಗಿ ಕೂತಿದೆ ಎಂದು ಯೋಚಿಸಿದರೆ ತಲೆ ತಿರುಗುತ್ತಿತ್ತು. ದಾದರಿನ ಹೂವಿನ ಮಾರ್ಕೆಟ್ಟಿನ ಹೊರಗೆ ದಿನಾ ತುಳಿದುಕೊಂಡು ಬರುವ ಬಾಳೆದಿಂಡು, ಕಬ್ಬಿನ ರಸದ ಅಂಗಡಿಯ ಸಿಪ್ಪೆ, ಎಲ್ಲದರ ಮೈಯಲ್ಲೂ ಇದೇ ಇದೆಯಲ್ಲ. ಊರಿಗೆ ಊರೇ ಸಕ್ಕರೆಯ ಮೇಲೆ ಕಾಲಿಟ್ಟು ನಡೆಯುತ್ತಿದೆ, ಯಾರಿಗೂ ಗೊತ್ತಿಲ್ಲ.

ಪಕ್ಕದ ಕಾರ್ಖಾನೆಯ ಭೋಂಗಾ ಕೂಗಿತು. ಪಾಳಿ ಮುಗಿದಿತ್ತು. ಢಬ್ ಎನ್ನುವ ಸದ್ದು ಮಾತ್ರ ಮುಗಿದಿರಲಿಲ್ಲ.

ಸಾಹೇಬರು ಎದ್ದು ಬಂದು ಗುಡ್ಡದ ಮುಂದೆ ನಿಂತರು. ಜೇಬಿನಿಂದ ಪೆನ್ನು ತೆಗೆದು, ಇವತ್ತು ಎಷ್ಟು ಹುಲ್ಲು ಹದವಾಯಿತು, ಒಣ ತೂಕದಲ್ಲಿ ಹೇಳಿ ಎಂದು ಕೇಳಿದರು. ನಾನು ಸರ್ ಅವರ ಮುಖ ನೋಡಿದೆ. ಆ ಪ್ರಶ್ನೆಯನ್ನು ಅವರು ನಮ್ಮೆಲ್ಲರಿಗೂ ಕೇಳಿ ಕೇಳಿ ಸಾಕು ಮಾಡಿದ್ದರು. ಉತ್ತರವಿಲ್ಲದೆ ಎದುರು ಬಂದವರನ್ನು ವಾಪಸು ಕಳಿಸಿದ್ದರು.

"ಗೊತ್ತಿಲ್ಲ" ಎಂದರು ಸರ್.

"ಗೊತ್ತಿಲ್ಲ ಎಂದರೆ ನಾನು ಏನು ಬರೆಯಲಿ?"

ಸರ್ ಒಂದು ಕ್ಷಣ ಆ ಸದ್ದಿಗೆ ಕಿವಿಗೊಟ್ಟರು. "ನಿಂತಿಲ್ಲ ಎಂದು ಬರೆಯಿರಿ" ಎಂದರು, ಹಿಂದಿಯಲ್ಲಿ, ಮೆಲ್ಲಗೆ.

ಸಾಹೇಬರು ನಕ್ಕು, ಅದನ್ನೇ ಬರೆದರು. ಶೆಡ್ ನಿಮ್ಮ ಹತ್ತಿರವೇ ಇರುತ್ತದೆ, ನಿಮ್ಮ ನಿವೃತ್ತಿಯ ವಿಷಯವನ್ನೂ ನಾನು ಮೇಲಿನವರ ಹತ್ತಿರ ಮಾತಾಡುತ್ತೇನೆ ಎಂದು ಕೈ ಕುಲುಕಿ, ಬೂಟು ಕೈಯಲ್ಲಿ ಹಿಡಿದು ಜೀಪು ಹತ್ತಿದರು. ಸರ್ ಆ ಜೀಪು ಹೋದ ದಾರಿಯನ್ನು ನೋಡುತ್ತ ನಿಂತರು. ಅವರು ಏನಾದರೂ ಹೇಳುತ್ತಾರೆ, ಕೊನೇ ಪಕ್ಷ ಕೂರುತ್ತಾರೆ ಎಂದು ನಾನು ಕಾದೆ.

ಅಷ್ಟರಲ್ಲಿ ಮೇಲಿನಿಂದ ಚಾಚಾ ಕೂಗಿದರು. "ಸಾಬ್! ಹುಲ್ಲು ಖಾಲಿ ಆತ್ರೀ! ಹಬೆ ಬಂದ್ ಮಾಡ್ಸಿ, ಬಿರಡಿ ಹೊಂಟದ!"

ನಾನು ಓಡಿ ವಾಲ್ವು ಮುಚ್ಚಿದೆ. ಮುಳ್ಳು ಇಳಿಯಿತು. ಕೊನೆಯ ಢಬ್ ಆಯಿತು, ಸ್ಕ್ರೂ ಬರಿದಾಗಿ ತಿರುಗಿ ನಿಂತಿತು. ಆ ನಿಶ್ಶಬ್ದದಲ್ಲಿ ಮಳೆಯ ಸದ್ದು ಮತ್ತೆ ಕೇಳಿಸಿತು. ಸರ್ ತಿರುಗಿ ಹುಲ್ಲಿನ ಮೂಲೆಗೆ ಹೋದರು. ಅಷ್ಟು ದಿನವೂ ದಾರಿಗೆ ಅಡ್ಡವಾಗಿ ಬೆಳೆದು ನಿಂತಿದ್ದ ಪಿಂಡಿಗಳ ಜಾಗದಲ್ಲಿ ಬರೀ ಹಲಗೆಗಳಿದ್ದವು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವುದು ಇದಕ್ಕೇ ಇರಬೇಕು. ಅವರು ಹಲಗೆಯ ಮೇಲೆ ಬಿದ್ದಿದ್ದ ನಾಲ್ಕು ಕಡ್ಡಿಗಳನ್ನು ಆಯ್ದುಕೊಂಡು ನನ್ನ ಕಡೆ ತಿರುಗಿದರು. ಮುಖದಲ್ಲಿ ನಿಜವಾದ ಗಾಬರಿಯಿತ್ತು.

"ನಾಳೆಗೆ ಹುಲ್ಲೇ ಇಲ್ಲವಲ್ಲಮ್ಮ!"

ಬೆಳಿಗ್ಗೆ ನಾಳೆ ಎಂದರೆ ಕತ್ತರಿಸುವ ದಿನ ಎಂದು ಕೂತಿದ್ದ ಮನುಷ್ಯ. ನನಗೆ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ತರಿಸೋಣ ಸರ್" ಎಂದೆ.